ಮೂರು ಟರ್ಬೈನ್, ಮುನ್ನೂರು ತಲೆನೋವು

ನಾನು ಟರ್ಬೈನ್ ಅಂತ ಬಾಯಿ ಬಿಟ್ಟ ದಿನ ಒಂದಲ್ಲ ಒಂದು ಎಡವಟ್ಟು ಗ್ಯಾರಂಟಿ. ಕೆ.ಆರ್. ಪುರಂ ಕಡೆ ಒಂದು ಡಿಪ್ಲೊಮಾ ಕಾಲೇಜಲ್ಲಿ ಲ್ಯಾಬ್ ನೋಡ್ಕೊಳ್ಳೋನು ನಾನು. ಈ ಸಲದ ಇನ್‌ಸ್ಪೆಕ್ಷನ್‌ನಲ್ಲಿ ಪೆಲ್ಟನ್, ಫ್ರಾನ್ಸಿಸ್, ಕ್ಯಾಪ್ಲಾನ್ ಅನ್ನೋ ಮೂರು ನೀರಿನ ಟರ್ಬೈನೂ ತಿರುಗದಿದ್ರೆ ಲ್ಯಾಬಿಗೆ ಬೀಗ, ನನಗೆ ಮನೆ ದಾರಿ. ಯಾರಿಗಾದ್ರೂ ಬಿಸಿ ತಟ್ಟಿತಾ? ಊಹೂಂ!

ಹೆಡ್

ನೀರು ಬೀಳೋ ಎತ್ತರಕ್ಕೆ ನಮ್ಮ ಕಸುಬಲ್ಲಿ ಹೆಡ್ ಅಂತಾರೆ. ಪ್ರಿನ್ಸಿಪಾಲರಿಗೆ ಬಿಡಿಸಿ ಹೇಳಿದೆ: "ಪೆಲ್ಟನ್‌ಗೆ ನೀರು ಕಮ್ಮಿ ಇದ್ರೂ ನಡೆಯುತ್ತೆ ಸಾರ್, ಹೆಡ್ ಜಾಸ್ತಿ ಬೇಕು. ಕ್ಯಾಪ್ಲಾನ್‌ಗೆ ಹೆಡ್ ಕಮ್ಮಿ ಸಾಕು, ನೀರು ಜಾಸ್ತಿ. ಫ್ರಾನ್ಸಿಸ್ ಎರಡಕ್ಕೂ ನಡುವೆ."

ಕಾಮರ್ಸ್ ಓದಿದ ಮನುಷ್ಯ. ಕನ್ನಡಕ ತೆಗೆದು ನನ್ನನ್ನೇ ಗದರಿದರು.

"ನಿಮ್ಮ ಡಿಪಾರ್ಟ್‌ಮೆಂಟಿನ ಒಬ್ಬ ಹೆಡ್ಡನ್ನೇ ತಡ್ಕೊಳ್ಳೋಕಾಗ್ತಿಲ್ಲ. ಇನ್ನೂ ಜಾಸ್ತಿ ಬೇಕೇನ್ರೀ?"

ಫ್ರಾನ್ಸಿಸ್

ಇನ್‌ಸ್ಪೆಕ್ಷನ್ ಸಾಹೇಬರು ಬಂದೇ ಬಿಟ್ರು. ಲ್ಯಾಬಿಗೆ ಬರೋ ದಾರೀಲಿ ನಮ್ಮ ಅಟೆಂಡರನ್ನ ಕೇಳಿದ್ರು, "ಫ್ರಾನ್ಸಿಸ್ ಕಂಡಿಷನ್ ಹೇಗಿದೆ?"

ನಮ್ಮ ಗೇಟಿನ ವಾಚ್‌ಮನ್, ಹಲಸೂರಿನವರು, ಅವರ ಹೆಸರೂ ಫ್ರಾನ್ಸಿಸ್ಸೇ! ಅಟೆಂಡರ್ ಮರುಗಿ ಹೇಳಿದ: "ಪರವಾಗಿಲ್ಲ ಸಾರ್. ಜಾಯಿಂಟ್ ಹಿಡ್ಕೊಂಡಿದೆ, ದಿನಾ ಎಣ್ಣೆ ಹಚ್ತಾ ಇದ್ದಾರೆ."

"ಯಾವ ಎಣ್ಣೆ?" ಸಾಹೇಬರು ಪೆನ್ನು ತೆಗೆದರು.

"ಹರಳೆಣ್ಣೆ ಸಾರ್. ಆಮೇಲೆ ಬಿಸಿನೀರ ಶಾಖ."

ನಾನು ಓಡಿ ಬಂದು ಫ್ರಾನ್ಸಿಸ್ ಟರ್ಬೈನ್ ತಿರುಗಿಸಿ ತೋರಿಸೋ ಹೊತ್ತಿಗೆ ಅವರು ಅದನ್ನೂ ಬರ್ಕೊಂಡಾಗಿತ್ತು.

ಬಕೆಟ್

ಪೆಲ್ಟನ್ ಚಕ್ರದ ಅಂಚಿಗೆ ಜೋಡಿ ಬಟ್ಟಲಿನಂಥವು ಸುತ್ತಲೂ ಇರ್ತವೆ. ನೀರು ರಭಸವಾಗಿ ಅವಕ್ಕೆ ಬಡಿದ್ರೆ ಚಕ್ರ ತಿರುಗುತ್ತೆ. ಆ ಬಟ್ಟಲಿಗೆ ಬಕೆಟ್ ಅಂತ ಹೆಸರು. ನಾಲ್ಕು ಮುರಿದಿದ್ದವು. "ಪೆಲ್ಟನ್‌ಗೆ ಬಕೆಟ್, ನಾಲ್ಕು" ಅಂತ ಆಫೀಸಿಗೆ ಮೂರು ಸಲ ಬರೆದು ಕೊಟ್ಟಿದ್ದೆ.

ಸಾಹೇಬರು ನಾಲ್ಕು ಕಡೆ ಬೋಳಾಗಿದ್ದ ಚಕ್ರ ನೋಡಿ, "ಬಕೆಟ್ ಎಲ್ರೀ?" ಅಂದ್ರು.

"ಬಂದಿದೆ ಸಾರ್!" ಅಂತ ಗುಮಾಸ್ತರು ಓಡಿ ಹೋಗಿ ತಂದಿಟ್ರು. ಶಿವಾಜಿನಗರದ ನಾಲ್ಕು ಪ್ಲಾಸ್ಟಿಕ್ ಬಕೆಟ್, ಕೆಂಪನೆಯವು. "ಮಗ್ ಫ್ರೀ ಕೊಟ್ರು!"

ನನ್ನ ಮೈಯೆಲ್ಲ ಉರಿದುಹೋಯ್ತು. ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲಪ್ಪಾ! ಪ್ರಿನ್ಸಿಪಾಲರು ಮಾತ್ರ ಎಳನೀರು ಹಿಡ್ಕೊಂಡು ಬಗ್ಗಿ, "ಸಾರ್, ತಮ್ಮಂಥ ಮೇಧಾವಿಗಳ ಪಾದ ಈ ಲ್ಯಾಬಿಗೆ ಬಿದ್ದದ್ದೇ ನಮ್ಮ ಪುಣ್ಯ, ತಮ್ಮ ಜ್ಞಾನ ಏನು, ತಮ್ಮ ಸರಳತೆ ಏನು..." ಅಂತ ಶುರು ಹಚ್ಕೊಂಡ್ರು.

ಸಾಹೇಬರು ಕೈ ಎತ್ತಿ ತಡೆದರು.

"ಒಂದು ತಿಂಗಳು ಟೈಮ್ ಕೊಡ್ತೀನಿ, ಪ್ರಿನ್ಸಿಪಾಲ್ರೇ. ನನಗೆ ಹಿಡಿದ ಬಕೆಟ್ ಸಾಕು, ಆ ಚಕ್ರಕ್ಕೆ ಹಾಕ್ಸಿ!"