ಚುಕ್ಕಿಯ ಪಕ್ಕ ಒಂದು ಖಾಲಿ ಜಾಗ ಬಿಡುವ ಬಗ್ಗೆ

ಇಂದ,
ಟಿವಿ ರಿಪೇರಿಯವನು,
ಸೈಕಲ್ ಅಂಗಡಿಯ ಮೇಲಿನ ಮಹಡಿ
(ಮೂರನೇ ಮೆಟ್ಟಿಲು ಮುರಿದಿದೆ, ನೋಡಿಕೊಂಡು ಹತ್ತುವುದು)

ಗೆ,
ಮುಖ್ಯ ವಿನ್ಯಾಸಕಾರರು,
ಮೈಕ್ರೋ ಎಲ್‌ಇಡಿ ಪರದೆ ವಿಭಾಗ,
ಟಿವಿ ತಯಾರಿಸುವ ಕಂಪನಿ

ವಿಷಯ: ಕೆಟ್ಟ ಚುಕ್ಕಿಯನ್ನು ರಿಪೇರಿ ಮಾಡಲು ಬರುವಂತೆ ಪರದೆಯನ್ನು ಮೊದಲೇ ವಿನ್ಯಾಸ ಮಾಡುವ ಬಗ್ಗೆ, ಹಾಗೂ ತನ್ಮೂಲಕ ನನ್ನ ಅಕ್ಕನನ್ನು ಗಂಡನ ಮನೆಗೆ ಕಳಿಸುವ ಬಗ್ಗೆ.

ಉಲ್ಲೇಖ:
೧) ತಮ್ಮ ಕಂಪನಿಯ ಉತ್ತರ: "ಮೂರು ಚುಕ್ಕಿಗಳವರೆಗೆ ದೋಷವೆಂದು ಪರಿಗಣಿಸಲಾಗುವುದಿಲ್ಲ."
೨) ವಾರ್ತೆ ಓದುವವರು ನಾಲ್ಕು ಇಂಚು ಎಡಕ್ಕೆ ಸರಿದು ಕೂರಬೇಕೆಂದು ವಾಹಿನಿಗೆ ನಾನು ಬರೆದ ಪತ್ರ. (ಉತ್ತರ ಬಂದಿಲ್ಲ. ಅವರು ಸರಿದೂ ಇಲ್ಲ.)

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಎಂಟನೇ ತರಗತಿಗೇ ಶಾಲೆ ಬಿಟ್ಟು ಹನ್ನೊಂದು ವರ್ಷದಿಂದ ಟಿವಿ ಬಿಚ್ಚಿ ಮುಚ್ಚಿ ಬದುಕುತ್ತಿರುವ ನಾನು, ಹಲ್ಲು ಕಚ್ಚಿಕೊಂಡು ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನನ್ನ ಮಾತು ಕೇಳಿ ನನ್ನ ಭಾವ ತಮ್ಮ ಕಂಪನಿಯ ಪರದೆಯನ್ನು ಕೊಂಡರು. "ಇದು ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ ಭಾವ" ಎಂದ ಬಾಯಿ ನನ್ನದೇ. ನಾಲ್ಕನೇ ತಿಂಗಳಿಗೆ ಒಂದು ಕೆಂಪು ಚುಕ್ಕಿ ಆರದೆ ಉರಿಯುತ್ತಾ ನಿಂತಿತು. ಎಂಬತ್ತು ಲಕ್ಷ ಚುಕ್ಕಿಗಳ ಪರದೆಯಲ್ಲಿ ಸದರಿ ಚುಕ್ಕಿಗೆ ಸಿಕ್ಕ ಜಾಗ ವಾರ್ತೆ ಓದುವವಳ ಮೂಗಿನ ತುದಿ. ಹವಾಮಾನ ಹೇಳುವವನು ಅತ್ತಿತ್ತ ಓಡಾಡುವುದರಿಂದ ಅವನಿಗೆ ಆಗಾಗ ಮಾತ್ರ ತಗಲುತ್ತದೆ.

೨. ಅಕ್ಕನ ಅತ್ತೆ ದರ್ಜಿ. ಅರವತ್ತಾದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು. ಆ ಕಾರಣ, ಬೇರೆ ಯಾರಿಗೂ ಕಾಣದ್ದು ಅವರಿಗೆ ಕಂಡಿತು. ಅಂದಿನಿಂದ ದಿನಾ ಸಂಜೆ, "ಬಾಮ್ಮಾ, ನಿನ್ನ ತಮ್ಮ ಕೊಡಿಸಿದ ಮೊಡವೆ ಬಂತು, ನೋಡು ಬಾ."

ಒಂಬತ್ತು ದಿನ ಅಕ್ಕ ಬಂದು ನೋಡಿ ಹೋದಳು. ಹತ್ತನೆಯ ದಿನ, "ನೀವು ವಾರ್ತೆ ಕೇಳಿ ಅತ್ತೆ, ಮೂಗು ನೋಡ್ಬೇಡಿ" ಎಂದಳು.

"ನೋಡದೇ ತಂದಿದ್ದು ಈ ಮನೇಲಿ ಟಿವಿ ಒಂದೇ ಅಲ್ಲ ಬಿಡು."

ಆದ್ದರಿಂದ ಅಕ್ಕ ಬ್ಯಾಗು ಹಿಡಿದು ತವರಿಗೆ ಬಂದಳು. ನಮ್ಮದು ಒಂದೂವರೆ ಕೋಣೆಯ ಮನೆ. ಆ ಅರ್ಧ ನನ್ನದಾಗಿತ್ತು. "ಮೂಗು ಸರಿಯಾಗೋವರೆಗೂ ಹೋಗಲ್ಲ ಕಣೋ. ನೀನೇ ಕೊಡಿಸಿದ್ದು, ನೀನೇ ಸರಿಮಾಡು" ಎಂದು ನನ್ನ ಹಾಸಿಗೆಯ ಮೇಲೆ ಕೂತಳು. ಆ ಕಾರಣ ನಾನು ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದೇನೆ.

೩. ತಮ್ಮ ಕಡೆಯ ಮನುಷ್ಯ ಭೂತಗನ್ನಡಿ ಹಿಡಿದು ಬಂದ. "ಒಂದೇ ಅಲ್ವಾ ಸಾರ್. ಮೂರು ದಾಟ್ಲಿ, ಫೋನ್ ಮಾಡಿ" ಎಂದ. ದಾಟಿದ ಮೇಲೂ ಚುಕ್ಕಿ ಬದಲಿಸಲು ಬರುವುದಿಲ್ಲವಂತೆ, ಇಡೀ ಪರದೆಯನ್ನೇ ಬದಲಿಸಬೇಕಂತೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಬಗ್ಗೆ ಕೇಳಿದ್ದೆ. ಮೊಡವೆಗೆ ತಲೆಯನ್ನೇ ಬದಲಿಸುವವರನ್ನು ತಮ್ಮಲ್ಲೇ ಕಂಡೆ.

೪. ಸಿಟ್ಟು ತಡೆಯದೆ ನಾನೇ ಬಿಚ್ಚಿದೆ. ಸೂಜಿಯಿಂದ ಎಬ್ಬಿಸಲು ಹೋದರೆ ಕೆಂಪು ಹಾಗೇ ಉಳಿದು, ಪಕ್ಕದ ಎರಡು ಕಿತ್ತುಬಂದು ಸತ್ತವು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. "ಈಗ ಮೂರಾಯ್ತು" ಎಂದು ಫೋನ್ ಮಾಡಿದೆ. "ದಾಟ್ಲಿ ಅಂದಿದ್ವಲ್ಲ ಸಾರ್" ಎಂದರು. ನಾಲ್ಕನೆಯದನ್ನು ಕೊಲ್ಲಲು ಕೈ ಬರಲಿಲ್ಲ, ಅದೇನು ತಪ್ಪು ಮಾಡಿತ್ತು. ಬಿಚ್ಚಿದಾಗ ಕಂಡದ್ದಿಷ್ಟು: ಚುಕ್ಕಿಗಳು ಸಂತೆಯ ಬಸ್ಸಿನ ಹಾಗೆ ಒತ್ತಿಕೊಂಡು ಕೂತಿವೆ. ಹೊಸದೊಂದನ್ನು ಕೂರಿಸಲು ಜಾಗವಿಲ್ಲ. ಕೆಟ್ಟದ್ದರ ತಂತಿಯನ್ನಷ್ಟೇ ಕತ್ತರಿಸೋಣವೆಂದರೆ ಅದಕ್ಕೇ ಅಂತ ತಂತಿಯೂ ಇಲ್ಲ.

೫. ಆ ವಾರ ಅತ್ತೆ ಖುದ್ದು ಅಂಗಡಿಗೆ ಬಂದು, ಭಾವನ ಅಂಗಿಯೊಂದರ ಒಳಮಗ್ಗುಲು ತಿರುಗಿಸಿ ಬೆಂಚಿನ ಮೇಲೆ ಹಾಕಿದರು.

"ಇದೇನಪ್ಪಾ?"

"ಹೆಚ್ಚಿನ ಗುಂಡಿ, ಅತ್ತೆ."

"ಯಾಕೆ ಹೊಲಿದಿದೀನಿ?"

"ಮೇಲಿಂದು ಬಿದ್ರೆ ಹಾಕಕ್ಕೆ."

"ಮತ್ತೆ ನಿನ್ನ ಕಂಪನಿಯವ್ರು ಅಂಗೀನೇ ಹಾಕಲ್ವಾ?"

ಈ ಹೆಂಗಸಿನ ಮುಂದೆ ನಾನು ಸೋತದ್ದು ಇದೇ ಮೊದಲಲ್ಲ. ಆದರೆ ತಮ್ಮ ಪರವಾಗಿ ಸೋತದ್ದು ಮೊದಲು.

೬. ಸದರಿ ಗುಂಡಿಯನ್ನು ಕಿತ್ತು ಅವರು ಮನೆಯಲ್ಲಿ ಕೆಂಪು ಚುಕ್ಕಿಯ ಮೇಲೆ ಅಂಟಿಸಿದರು. ಅಲ್ಲಿಗೆ ಮೊಡವೆಯೂ ಇಲ್ಲ, ಮೂಗೂ ಇಲ್ಲ. ಬಯ್ಯಲು ಪಕ್ಕದಲ್ಲಿ ಸೊಸೆಯೂ ಇಲ್ಲ. ಮೂರು ದಿನ ಒಬ್ಬರೇ ಗುಂಡಿ ನೋಡಿ, ನಾಲ್ಕನೆಯ ದಿನ ಹೊಲಿಗೆ ಯಂತ್ರದ ಸಮೇತ ನಮ್ಮ ಮನೆಗೇ ಬಂದರು. ಬರುವಾಗ ಗುಂಡಿಯನ್ನು ಬಿಡಿಸಿ ತಂದು, "ಅರ್ಜಿ ಜೊತೆ ಇಡು, ನೋಡಿ ಕಲೀಲಿ" ಎಂದು ನನ್ನ ಕೈಗೆ ಕೊಟ್ಟರು. ಈಗ ಅತ್ತೆ ಸೊಸೆ ಇಬ್ಬರೂ ನನ್ನ ಹಾಸಿಗೆಯ ಮೇಲೆ ಕೂತು ನಮ್ಮ ಹಳೇ ಟಿವಿ ನೋಡುತ್ತಾರೆ.

"ಇದ್ರಲ್ಲಿ ಅವಳ ಮೂಗು ಎಷ್ಟು ಲಕ್ಷಣವಾಗಿದೆ ಅಲ್ವೇನೇ."

"ಹೌದು ಅತ್ತೆ. ಇವನಿಗೆ ಟಿವಿ ಬಗ್ಗೆ ಏನೂ ಗೊತ್ತಿಲ್ಲ."

ಇಬ್ಬರಿಗೂ ರಾಜಿಯಾಗಿದೆ, ನನ್ನ ಮೇಲೆ. ಭಾವನೂ ಊಟಕ್ಕೆ ಇಲ್ಲಿಗೇ ಬರುತ್ತಾರೆ. ಹೋಗುವ ಮಾತು ಯಾರೂ ಎತ್ತುತ್ತಿಲ್ಲ, ನಾನು ಎತ್ತಿದರೆ, "ಮೊದಲು ಮೂಗು ಸರಿಮಾಡು."

ಆದ್ದರಿಂದ ಘನ ಕಚೇರಿಯಲ್ಲಿ ಕೋರುವುದೇನೆಂದರೆ: ಪ್ರತಿ ಚುಕ್ಕಿಯ ಪಕ್ಕದಲ್ಲಿ ಒಂದು ಖಾಲಿ ಜಾಗ ಬಿಡಿ. ಕೆಟ್ಟದ್ದನ್ನಷ್ಟೇ ಕತ್ತರಿಸಲು ಬರುವಂತೆ ಒಂದೊಂದಕ್ಕೂ ಬೇರೆ ತಂತಿ ಕೊಡಿ. ಹೊಸದು ಬಂದು ಕೂತರೆ ಬೆಳಗುವಂತೆ ಆ ಖಾಲಿ ಜಾಗಕ್ಕೂ ತಂತಿ ಎಳೆದಿಡಿ. ಜಾಗ ದಂಡವಾಗುತ್ತದೆ ಎನ್ನಬೇಡಿ. ಒಂದು ಖಾಲಿ ಜಾಗವೂ ಇಲ್ಲದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬೆಂಚಿನ ಮೇಲಿಂದ ಬರೆಯುತ್ತಿದ್ದೇನೆ. ಮೊದಲ ಪರದೆಯನ್ನು ಭಾವನ ಮನೆಗೆ ಕಳಿಸಿ, ಮಿಕ್ಕ ಲೋಕಕ್ಕೆ ಆಮೇಲೆ.

ತಮ್ಮಲ್ಲಿ ಇನ್ನೂ ತುಸು ವಿಶ್ವಾಸ ಉಳಿಸಿಕೊಂಡಿರುವ,
(ಸಹಿ)
ಟಿವಿ ರಿಪೇರಿಯವನು

ಲಗತ್ತುಗಳು:
೧. ಖಾಲಿ ಜಾಗದ ನಕ್ಷೆ, ರಟ್ಟಿನ ಮೇಲೆ. (ಮೂಗನ್ನು ಅಕ್ಕ ಬರೆದಿದ್ದಾಳೆ, ನನಗೆ ಬರುವುದಿಲ್ಲ.)
೨. ಸತ್ತ ಚುಕ್ಕಿಗಳು ಎರಡು, ಅಂಟುಕಾಗದದಲ್ಲಿ. ಕಾಣದಿದ್ದರೆ ಇಲ್ಲವೆಂದು ತಿಳಿಯಬಾರದು.
೩. ಗುಂಡಿ ಒಂದು.

ವಿ.ಸೂ.: ಲಗತ್ತು ೩ನ್ನು ಪರಿಶೀಲಿಸಿದ ಕೂಡಲೇ ವಾಪಸು ಕಳಿಸುವುದು. ಗುರುವಾರ ಭಾವನ ಅದೇ ಅಂಗಿಯ ಮೇಲಿನ ಗುಂಡಿ ಬಿದ್ದುಹೋಗಿದೆ.