ಪರದೆಗೆ ಸಿಗದ ಗುಂಡಿ

ಬೆಳಿಗ್ಗೆ ಕಂಪ್ಯೂಟರು, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಗುಮಾಸ್ತ ಹೂಂ ಅಂದುಬಿಟ್ಟ. ಅವನ ಜೀವಮಾನದ ತೊಂದರೆಗಳೆಲ್ಲ ಹೀಗೆ ಹೂಂ ಅಂದದ್ದರಿಂದಲೇ ಬಂದವು. ಆಸ್ಪತ್ರೆಯ ಮರಣ ನೋಂದಣಿ ವಿಭಾಗಕ್ಕೆ ಅವನು ಬಂದು ಬಿದ್ದದ್ದೂ ಹಾಗೆಯೇ.

ಯಂತ್ರಕ್ಕೆ ವಯಸ್ಸಾಗಿತ್ತು. ಬಿಟ್ಟಿ ಸಿಗುತ್ತದೆ, ಹಳೆಯದರಲ್ಲೂ ಓಡುತ್ತದೆ ಎಂದು ಸೂಪರಿಂಟೆಂಡೆಂಟರು ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದರು. ಈಗ ಹೊಸ ಆವೃತ್ತಿಗೂ ಪರದೆಗೆ ಚಿತ್ರ ಕಳಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿಗೂ ಎಣ್ಣೆ ಸೀಗೆಕಾಯಿ. ಪರದೆ ಕಪ್ಪಾಯಿತು, ಮೂಲೆಯಲ್ಲಿ ಒಂದು ಅಡ್ಡಗೆರೆ ಮಾತ್ರ ಮಿಟುಕುತ್ತಾ ಉಳಿಯಿತು.

ಕಿಟಕಿಯ ಹೊರಗೆ ಒಬ್ಬ ಅಜ್ಜಿ ನಿಂತಿದ್ದಳು. ಅವಳ ಅಣ್ಣ ಹಿಂದಿನ ದಿನ ತೀರಿಕೊಂಡು ಶವಾಗಾರದಲ್ಲಿದ್ದ. ನೋಂದಣಿಯ ಕಾಗದ ತೋರಿಸದೆ ಶವ ಬಿಡುವಂತಿಲ್ಲ.

"ಅವನಿಗೆ ಮೊದಲಿಂದ್ಲೂ ಚಳಿ ಅಂದ್ರೆ ಆಗಲ್ಲಪ್ಪಾ," ಅಂದಳು. "ಇನ್ನೊಂದು ರಾತ್ರಿ ಆ ಪೆಟ್ಟಿಗೇಲಿ ಇಡಬೇಡಿ."

ಗುಮಾಸ್ತ ಅದಕ್ಕೂ ಹೂಂ ಅಂದ. ಸಂಜೆಯೊಳಗೆ ಕೊಡಿಸುತ್ತೇನೆ ಎಂದು ಮಾತು ಕೊಟ್ಟ.

ಸುದ್ದಿ ಹರಡಿ ಪಕ್ಕದ ಕೋಣೆಗಳೆಲ್ಲ ಇಲ್ಲಿಗೇ ಖಾಲಿಯಾದವು. ರೋಗಿಗಳಿಗೆ ಸಿಗದಷ್ಟು ತಜ್ಞರು ಆ ಕಂಪ್ಯೂಟರಿಗೆ ಸಿಕ್ಕರು. ಉಗ್ರಾಣದವನು ಗುಜರಿಯಿಂದ ಇನ್ನೊಂದು ಕಾರ್ಡು ಹೆಕ್ಕಿ ತಂದು ಸಿಕ್ಕಿಸಿದ. ಇದ್ದ ಅಡ್ಡಗೆರೆಯೂ ಹೋಯಿತು. ಹಳೆಯದನ್ನೇ ಮತ್ತೆ ಹಾಕಿ, ಅವನು ತನ್ನ ಕಾರ್ಡನ್ನು ವಾಪಸಿಡಲು ಹೋದ. ಲಿಫ್ಟಿನವನು ಮಾನಿಟರಿನ ನೆತ್ತಿಗೆ ಎರಡು ಬಾರಿಸಿದ.

ಕೊನೆಗೆ ಲೆಕ್ಕಿಗರು ಮೊಬೈಲಿನಲ್ಲಿ ಹುಡುಕಿ ಒಂದು ಮದ್ದು ಹೇಳಿದರು. ಯಂತ್ರ ಶುರುವಾಗುವಾಗ ಕಾಣುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಸೇರಿಸಿದರೆ, ಅದು ಕಾರ್ಡಿನ ಗೊಡವೆಗೇ ಹೋಗದೆ ಸಾದಾ ಚಿತ್ರ ತೋರಿಸುತ್ತದಂತೆ. ಚಿತ್ರ ಬಂತು. ಆದರೆ ಒಂದೊಂದು ಅಕ್ಷರವೂ ಅಂಗಡಿ ಬೋರ್ಡಿನಷ್ಟು ದಪ್ಪ. ನೋಂದಣಿಯ ಪುಟ ಪರದೆಯಲ್ಲಿ ಹಿಡಿಸದೆ ಕೆಳಭಾಗ ಕತ್ತರಿಸಿಹೋಗಿತ್ತು. 'ದಾಖಲಿಸು', 'ರದ್ದು' ಎಂಬ ಎರಡು ಗುಂಡಿಗಳಿದ್ದದ್ದು ಅಲ್ಲೇ.

ಕೀಲಿಮಣೆಯಿಂದಲೇ ಕಣ್ಣು ಮುಚ್ಚಿ ಒತ್ತಬಹುದು ಎಂದ ಲಿಫ್ಟಿನವನು. ಆದರೆ ಮೊದಲು ಸಿಗುವುದು ಯಾವ ಗುಂಡಿ? ಅಜ್ಜಿಯ ಅಣ್ಣನ ವಿವರ ತುಂಬಿ ಅದು ರದ್ದಾದರೆ, ಮತ್ತೆ ವೈದ್ಯರ ಸಹಿಯಿಂದ ಶುರುಮಾಡಬೇಕು. ಮೊದಲು ಪರೀಕ್ಷೆಗೆಂದು ಬೇರೆ ಹೆಸರು ಹಾಕೋಣ ಎಂದರು ಲೆಕ್ಕಿಗರು. ಸುಳ್ಳು ಹೆಸರನ್ನು ಯಂತ್ರ ಒಪ್ಪುವುದಿಲ್ಲ, ನಿಜವಾದ ಗುರುತಿನ ಸಂಖ್ಯೆ ಬೇಕು. ಯಾರ ಹೆಸರು ಎಂದದ್ದಕ್ಕೆ ಎಲ್ಲರೂ ಚಾವಣಿ ನೋಡತೊಡಗಿದರು.

"ನಿಂದೇ ಹಾಕಯ್ಯಾ. ಮೊದಲು ಬರೋದು ರದ್ದೇ, ನಾನು ಗ್ಯಾರಂಟಿ," ಎಂದರು ಲೆಕ್ಕಿಗರೇ.

ಗುಮಾಸ್ತ ಹೂಂ ಅಂದ. ತನ್ನ ಹೆಸರು, ನೌಕರ ಸಂಖ್ಯೆ ತುಂಬಿ, ಕಾಣದ ಗುಂಡಿಗೆ ಹಾರಲು ಟ್ಯಾಬ್ ಒತ್ತಿ, ಎಂಟರ್ ಒತ್ತಿದ. ಮೂಲೆಯ ಪ್ರಿಂಟರು ಕರಕರ ಎಂದು ಮೊಹರು ಸಮೇತ ಒಂದು ಕಾಗದ ಕಕ್ಕಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡಿತು: 'ಮೃತ ನೌಕರರಿಗೆ ಪ್ರವೇಶವಿಲ್ಲ.'

ಅವನು ಬಿದ್ದಂಬೀಳ ಸೂಪರಿಂಟೆಂಡೆಂಟರ ಬಳಿ ಓಡಿದ. ಅವರು ಗಾಬರಿ ಬೇಡ ಎಂದರು. ಆ ಕಾಗದ ತಂದುಕೊಟ್ಟರೆ ಈಗಲೇ ರದ್ದು ಮಾಡಿಸುತ್ತೇನೆ. ಅದನ್ನು ತೋರಿಸಿ ಶವ ಹೊರಗೆ ಹೋಗಿ ಸಂಸ್ಕಾರವೂ ಆಗಿಬಿಟ್ಟರೆ ಮಾತ್ರ ದೇವರೂ ಏನೂ ಮಾಡಲಾರ ಎಂದರು.

ಗುಮಾಸ್ತ ವಾಪಸು ಬಂದು ನೋಡಿದರೆ ಪ್ರಿಂಟರಿನಲ್ಲಿ ಕಾಗದವಿಲ್ಲ. ಕಿಟಕಿಯಲ್ಲಿ ಅಜ್ಜಿಯೂ ಇಲ್ಲ. ಉಗ್ರಾಣದವನು ಮಾತ್ರ ಎದೆಯುಬ್ಬಿಸಿ ನಿಂತಿದ್ದ.

"ಕಾಗದ ಬಂದಿತ್ತಲ್ಲ, ಆ ಅಜ್ಜಿಗೆ ಕೊಟ್ಟು ಕಳಿಸ್ದೆ. ಪಾಪ, ಬೆಳಿಗ್ಗೆಯಿಂದ ನಿಂತಿದ್ರು."

ಶವಾಗಾರದ ಕಾವಲುಗಾರನದು ಒಂದು ಕಾಗದಕ್ಕೆ ಒಂದು ಶವ ಎಂಬ ಲೆಕ್ಕ. ಹೆಸರು ಓದಲು ಅಜ್ಜಿಗೆ ಅಕ್ಷರ ಬಾರದು, ಅವನಿಗೆ ಪುರುಸೊತ್ತಿಲ್ಲ. ಮೊಹರು ನೋಡಿ, ಅವಳು ತೋರಿಸಿದ ಅಣ್ಣನನ್ನು ವ್ಯಾನಿಗೆ ಹಾಕಿಸಿದ್ದ.

ಗುಮಾಸ್ತ ಏದುಸಿರು ಬಿಡುತ್ತಾ ವಿದ್ಯುತ್ ಚಿತಾಗಾರ ಮುಟ್ಟಿದಾಗ ಅಜ್ಜಿ ಬೆಂಚಿನ ಮೇಲೆ ಕೂತಿದ್ದಳು. ಅವನನ್ನು ಕಂಡು ಎರಡೂ ಕೈ ಹಿಡಿದುಕೊಂಡು, ಮಾತು ಉಳಿಸಿಕೊಂಡೆ ಮಗನೇ ಎಂದಳು. ಅವನಿಗೆ ನಿಜಕ್ಕೂ ಸಂತೋಷವಾಯಿತು, ಅಳುವೂ ಬಂತು. ಕೈ ಬಿಡಿಸಿಕೊಂಡು ಚಿತಾಗಾರದ ಕಚೇರಿಯ ಕಿಟಕಿಗೆ ಹೋಗಿ ತನ್ನ ಹೆಸರು ಹೇಳಿದ.

ಅಲ್ಲಿದ್ದವನು ಪಟ್ಟಿಯ ಮೇಲೆ ಬೆರಳಾಡಿಸಿ, ದನಿ ತಗ್ಗಿಸಿದ.

"ಅವರದ್ದು ಈಗ ತಾನೇ ಮುಗೀತು ಸಾರ್. ಸ್ವಲ್ಪ ಮುಂಚೆ ಬಂದಿದ್ರೆ ಮುಖ ನೋಡಬಹುದಿತ್ತು. ನೀವು ಅವರಿಗೆ ಏನಾಗಬೇಕು?"