ಬೈಗುಳ ನಿಂತ ಮಧ್ಯಾಹ್ನದ ಬಗ್ಗೆ ಒಂದು ದೂರು

ಆಲಪ್ಪುಳದ ಕಾಲುವೆ ದಂಡೆಯ ನಮ್ಮ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರೂ, ಸದ್ಯ ಅದೇ ಆಸ್ಪತ್ರೆಯ ಮೂಲೆಕೋಣೆಯ ರೋಗಿಯೂ ಆದ ಡಾ. ಕುರುವಿಳಾ ಅವರ ಸನ್ನಿಧಿಗೆ

ಮಾನ್ಯರೇ,

ತಾವು ಎದ್ದು ಕುಳಿತು ಗಂಜಿ ಕುಡಿದಿರೆಂದೂ, ಅದು ತಣ್ಣಗಿತ್ತೆಂದು ಬಟ್ಟಲನ್ನು ಅಡುಗೆಯವಳತ್ತ ಎಸೆದಿರೆಂದೂ ತಿಳಿದು ವಾರ್ಡಿನ ನರ್ಸುಗಳಾದ ನಮಗೆ ನೆಮ್ಮದಿಯಾಯಿತು. ತಮ್ಮ ಆರೋಗ್ಯ ಮರಳಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಆದ್ದರಿಂದ ನಮ್ಮಲ್ಲೊಬ್ಬಳ ಅಶಿಸ್ತಿನ ಕುರಿತ ಈ ದೂರನ್ನು ತಮಗೆ ಸಲ್ಲಿಸಿ, ಎಲ್ಲರೂ ಓದಲೆಂದು ನೋಟಿಸ್ ಬೋರ್ಡಿಗೂ ಅಂಟಿಸುತ್ತಿದ್ದೇನೆ.

ತಾವು ಬರುವ ಮೊದಲು ಇಲ್ಲೊಂದು ಕೆಟ್ಟ ಅಭ್ಯಾಸವಿತ್ತು. ಪಾಳಿ ಬದಲಾಗುವಾಗ ರೋಗಿಗಳ ಹಾಳೆಯಲ್ಲಿದ್ದುದನ್ನು ಒಪ್ಪಿಸಿದ ಮೇಲೂ ನರ್ಸುಗಳು ಬಾಗಿಲಲ್ಲಿ ನಿಂತು, ಮುಂದಿನ ಪಾಳಿಯ ಅಕ್ಕನಿಗೆ, "ಚೇಚಿ, ಕಿಟಕಿ ಹತ್ರದ ಅಮ್ಮಚ್ಚಿ ಚೆನ್ನಾಗಿದೀನಿ ಅಂತಾರೆ, ಆದ್ರೆ ಬೆಳಿಗ್ಗೆಯಿಂದ ಸೊಸೇನ ಒಂದ್ಸಲಾನೂ ಬೈದಿಲ್ಲ, ಸ್ವಲ್ಪ ನೋಡ್ತಿರಿ" ಎಂದು ಹೇಳಿ ಹೋಗುತ್ತಿದ್ದರು. ಯಾರೂ ಕೇಳದ ಈ ಮಾತಿಗೆ ಹಾಳೆಯಲ್ಲಿ ಜಾಗವೂ ಇರಲಿಲ್ಲ.

ತಾವು ಆ ರೋಗವನ್ನು ಬುಡಸಮೇತ ಕಿತ್ತಿರಿ. ತಾವು ಆಪರೇಷನ್ ಮಾಡಿದ್ದ ದೋಣಿಗಾರ ಕೊಚ್ಚಪ್ಪಿಚೇಟನ ಹೊಟ್ಟೆ ಬಿಗಿಯುತ್ತಿದೆ ಎಂದು ನಮ್ಮ ನರ್ಸ್ ಜಿಸ್ನಾ ರೌಂಡ್ಸಿನಲ್ಲಿ ತಾನಾಗಿಯೇ ಹೇಳಿದಾಗ, "ಹೊಟ್ಟೆ ನೋಡೋಕೆ ನಾನಿದೀನಿ. ನೀನು ಬೆಡ್‌ಪ್ಯಾನ್ ನೋಡ್ಕೋ. ಬಾಯಿ ತೆರಿ ಅಂತ ಯಾರು ಹೇಳಿದ್ರು ನಿಂಗೆ?" ಎಂದು ಗದರಿ, ಬೆಡ್‌ಪ್ಯಾನನ್ನು ಅವಳ ಕೈಗೇ ಕೊಟ್ಟು, ರೌಂಡ್ಸ್ ಮುಗಿಯುವವರೆಗೆ ರೋಗಿಗಳೆಲ್ಲರ ಮುಂದೆ ಮಂಚದಿಂದ ಮಂಚಕ್ಕೆ ನಡೆಸಿದಿರಿ. ಸಂಜೆ ಕೊಚ್ಚಪ್ಪಿಚೇಟನನ್ನು ಮತ್ತೆ ಕೊಯ್ಯಬೇಕಾಯಿತು ಎಂಬುದು ಬೇರೆ ಮಾತು. ಅಂದಿನಿಂದ ವಾರ್ಡು ಶಾಂತವಾಗಿದೆ. ಹಾಳೆ ಓದುತ್ತೇವೆ, ಚೀಲ ಹೆಗಲಿಗೇರಿಸುತ್ತೇವೆ, ದೋಣಿ ಹತ್ತುತ್ತೇವೆ. ಮಲಗಿದವರ ಮುಖದಲ್ಲಿ ಈಗ ನನಗೂ ದಿಂಬಿನಲ್ಲಿ ಕಾಣುವಷ್ಟೇ ಕಾಣುತ್ತದೆ.

ಇಂಥ ಕಡೆ, ತಮ್ಮ ಪಿತ್ತಕೋಶ ತೆಗೆದ ಮರುದಿನ ಮಧ್ಯಾಹ್ನ, ಜಿಸ್ನಾ ತಮ್ಮ ದಿಂಬು ಸರಿಪಡಿಸಿದಳು. ತಾವು ಬೈಯಲಿಲ್ಲ. ಹಾಳೆಯಲ್ಲಿ ಎಲ್ಲವೂ ಸರಿಯಿತ್ತು, ಮುಂದಿನ ತಪಾಸಣೆಗೆ ಇನ್ನೂ ಹೊತ್ತಿತ್ತು. ಆದರೂ ಅವಳು ಡ್ಯೂಟಿ ಡಾಕ್ಟರ ಬಳಿಗೆ ಓಡಿದಳು.

"ಡಾಕ್ಟರೇ, ಸಾರ್ ಬೈತಾ ಇಲ್ಲ."

"ಅಪರೂಪದ ದಿನ ಸಿಸ್ಟರೇ, ಹಾಳ್ಮಾಡ್ಬೇಡಿ."

"ಕೈ ತಣ್ಣಗಿದೆ, ಹಣೆ ಬೆವರ್ತಿದೆ. ಮೊದ್ಲು ಏಳಿ!"

ಒಳಗೆ ರಕ್ತ ಸೋರುತ್ತಿತ್ತು. ತಮ್ಮನ್ನು ಮತ್ತೆ ಥಿಯೇಟರಿಗೆ ಒಯ್ದು ಉಳಿಸಿಕೊಂಡರು.

ಹೀಗೆ ಅವಳು ತಮ್ಮ ನಿಯಮವನ್ನು ತಮ್ಮ ಹೊಟ್ಟೆಯ ವಿಷಯದಲ್ಲೇ ಮುರಿದಿದ್ದಾಳೆ. ತಾವು ನಡೆದಾಡುವಂತಾದ ಕೂಡಲೇ ಅವಳ ಕೈಗೆ ಬೆಡ್‌ಪ್ಯಾನ್ ಕೊಟ್ಟು ಮತ್ತೆ ನಡೆಸಬೇಕೆಂದೂ, ಇನ್ನು ಮುಂದೆ ಯಾರ ರಕ್ತವೂ ತಮ್ಮ ಅನುಮತಿಯಿಲ್ಲದೆ ಸೋರಕೂಡದೆಂದು ಆದೇಶ ಹೊರಡಿಸಬೇಕೆಂದೂ ಬಿನ್ನಹ.

ತಮ್ಮ ವಿಶ್ವಾಸಿ,
ಬ್ರಿಜಿತ್ತ
ಹೆಡ್ ನರ್ಸ್

ಮರೆತ ಮಾತು: ಶಿಕ್ಷೆಗೆ ಅವಸರವಿಲ್ಲ. ಜಿಸ್ನಾ ನಿನ್ನೆ ಕೆಲಸ ಬಿಟ್ಟಳು. "ಇನ್ನೂ ಸ್ವಲ್ಪ ದಿನ ಇದ್ರೆ ನಂಗೂ ಕಾಣ್ಸೋದು ನಿಂತೋಗತ್ತೆ, ಚೇಚಿ" ಎಂದಳು. ಇಂದಿನಿಂದ ತಮ್ಮ ಕೋಣೆಗೆ ಬರುವವರು, ತಮ್ಮಿಂದ ಚೆನ್ನಾಗಿ ಕಲಿತ ನಾವು. ದಯವಿಟ್ಟು ಬೈಯುತ್ತಲೇ ಇರಿ. ತಾವು ಸುಮ್ಮನಾದರೆ ಗಮನಿಸುವವರು ಈಗ ಯಾರೂ ಇಲ್ಲ.